ತಾಳೆಗರಿಯ ಮೇಲೆ ಉಳಿದ ಮಾತು: ಮೂಡಬಿದಿರೆಯ ಧವಲ ಗ್ರಂಥಗಳು

ಕಲ್ಲಿನಲ್ಲಿ ಕೊರೆದ ಶಾಸನವು ಸಾವಿರ ವರ್ಷ ಉಳಿದರೆ ನಮಗೆ ಸೋಜಿಗವೆನಿಸುವುದಿಲ್ಲ. ತಾಮ್ರದ ತಗಡಿನ ಮೇಲೆ ಬರೆದುದೂ ಹಾಗೆಯೇ. ಆದರೆ ಗೆದ್ದಲು ತಿನ್ನಬಹುದಾದ, ಮಳೆಗಾಲದ ತಂಪಿಗೆ ಕೊಳೆಯಬಹುದಾದ, ದೀಪದ ಒಂದು ಕಿಡಿಗೆ ಬೂದಿಯಾಗಬಹುದಾದ ಎಲೆಯ ಮೇಲೆ ಬರೆದ ಅಕ್ಷರವೂ, ಅದರ ನಡುವೆ ಬಣ್ಣದಿಂದ ಬಿಡಿಸಿದ ಚಿತ್ರವೂ ಒಂಬೈನೂರು ವರ್ಷ ಉಳಿದು ಬಂದಿದ್ದರೆ ಅದು ವಿಚಾರ ಮಾಡಬೇಕಾದ ಸಂಗತಿ. ಅಂಥ ಹೊತ್ತಿಗೆಗಳು ಕನ್ನಡ ನಾಡಿನಲ್ಲಿವೆ. ದಕ್ಷಿಣ ಕನ್ನಡ ಜಿಲ್ಲೆಯ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಧವಲ, ಜಯಧವಲ, ಮಹಾಧವಲ ಎಂಬ ಜೈನ ಗ್ರಂಥಗಳೇ ಅವು. ಇಂದು ಉಳಿದಿರುವ ಕನ್ನಡ ಲಿಪಿಯ ತಾಳೆಗರಿ ಗ್ರಂಥಗಳಲ್ಲಿ ಅತ್ಯಂತ ಹಳೆಯವೆಂದು ವಿದ್ವಾಂಸರು ಎಣಿಸುವುದು ಇವುಗಳನ್ನೇ.

ಈ ಗ್ರಂಥಗಳನ್ನು ಯಾರು ಬರೆದರು, ಯಾರು ಬರೆಸಿದರು, ಅವು ಹೇಗೆ ಉಳಿದುವು, ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನಮಗೂ ಅವಕ್ಕೂ ಏನು ನಂಟು ಎಂಬುದನ್ನು ಇಲ್ಲಿ ತಿಳಿಸಲು ಪ್ರಯತ್ನಿಸುತ್ತೇವೆ.

ಭಾಷೆ ಒಂದು, ಲಿಪಿ ಇನ್ನೊಂದು

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಈ ಗ್ರಂಥಗಳ ಲಿಪಿ ಹಳಗನ್ನಡದ್ದು. ಭಾಷೆ ಮಾತ್ರ ಕನ್ನಡವಲ್ಲ. ಮೂಲ ಸೂತ್ರಗಳು ಪ್ರಾಕೃತದಲ್ಲಿವೆ. ಅವುಗಳ ಮೇಲಿನ ವ್ಯಾಖ್ಯಾನದಲ್ಲಿ ಪ್ರಾಕೃತವೂ ಸಂಸ್ಕೃತವೂ ಬೆರೆತಿವೆ. ಇದು ಹೇಗೆಂದು ಬೇರೆ ಊರಿನ ಮಕ್ಕಳಿಗೆ ವಿವರಿಸಬೇಕಾದೀತು. ನಮ್ಮ ಮಕ್ಕಳಿಗೆ ಬೇಕಿಲ್ಲ. ಮರಾಠಿ, ಹಿಂದಿ, ಸಂಸ್ಕೃತ ಮೂರನ್ನೂ ಒಂದೇ ದೇವನಾಗರಿಯಲ್ಲಿ ಓದುವವರು ನೀವು. ಲಿಪಿಯೆಂಬುದು ಪಾತ್ರೆ, ಭಾಷೆಯೆಂಬುದು ಅದರೊಳಗಿನ ನೀರು. ಬೇರೆ ಎಲ್ಲಿಯೂ ಉಳಿಯದ ಈ ಪ್ರಾಕೃತ ಗ್ರಂಥಗಳನ್ನು ಶತಮಾನಗಳ ಕಾಲ ಹಿಡಿದಿಟ್ಟುಕೊಂಡ ಪಾತ್ರೆ ನಮ್ಮ ಕನ್ನಡ ಅಕ್ಷರವಾಗಿತ್ತು.

ಒಂದಕ್ಷರದ ಬೆಲೆ

ಧವಲ ಗ್ರಂಥಕ್ಕೆ ಮೂಲವಾದ ಸೂತ್ರಗ್ರಂಥದ ಹೆಸರು ಷಟ್ಖಂಡಾಗಮ. ಆರು ಖಂಡಗಳುಳ್ಳದ್ದು ಎಂದು ಅರ್ಥ. ಅದರ ಹುಟ್ಟಿನ ಕಥೆಯನ್ನು ಧವಲ ಗ್ರಂಥವೇ ಹೇಳುತ್ತದೆ.

ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿ ಧರಸೇನರೆಂಬ ವೃದ್ಧ ಆಚಾರ್ಯರಿದ್ದರು. ಬಾಯಿಯಿಂದ ಬಾಯಿಗೆ ಬಂದ ಆಗಮಜ್ಞಾನವು ತಮ್ಮೊಡನೆ ಅಳಿದುಹೋದೀತೆಂದು ಅವರಿಗೆ ಚಿಂತೆ ಹತ್ತಿತು. ಅವರು ಹೇಳಿ ಕಳುಹಿಸಲು ದಕ್ಷಿಣದಿಂದ ಇಬ್ಬರು ಮುನಿಗಳು ಬಂದರು. ಗುರುಗಳು ಅವರನ್ನು ಪರೀಕ್ಷಿಸಲೆಂದು ಇಬ್ಬರಿಗೂ ಒಂದೊಂದು ಮಂತ್ರ ಕೊಟ್ಟರು. ಒಂದು ಮಂತ್ರದಲ್ಲಿ ಒಂದಕ್ಷರ ಹೆಚ್ಚಿತ್ತು, ಇನ್ನೊಂದರಲ್ಲಿ ಒಂದಕ್ಷರ ಕಡಿಮೆಯಿತ್ತು. ಜಪ ಮುಗಿದಾಗ ಪ್ರತ್ಯಕ್ಷರಾದ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲು ಮುಂದಕ್ಕೆ ಚಾಚಿದ್ದುವು. ಇನ್ನೊಬ್ಬಳಿಗೆ ಒಂದೇ ಕಣ್ಣು. ದೇವತೆಗಳು ವಿಕಾರವಾಗಿರುವುದು ಸಲ್ಲದು, ತಪ್ಪು ಮಂತ್ರದಲ್ಲಿಯೇ ಇರಬೇಕೆಂದು ಮುನಿಗಳು ವ್ಯಾಕರಣ ಹಿಡಿದು ವಿಚಾರಿಸಿ, ಅಕ್ಷರವನ್ನು ತಿದ್ದಿ ಮತ್ತೆ ಜಪಿಸಿದರು. ಆಗ ದೇವತೆಗಳು ನಿಜರೂಪದಲ್ಲಿ ಕಾಣಿಸಿಕೊಂಡರು. ಇವರೇ ತಕ್ಕ ಶಿಷ್ಯರೆಂದು ಗುರುಗಳು ಒಪ್ಪಿದರು. ಅವರಿಬ್ಬರೇ ಪುಷ್ಪದಂತ ಮತ್ತು ಭೂತಬಲಿ.

ಪುಷ್ಪದಂತರು ವನವಾಸಿಗೆ, ಎಂದರೆ ನಮ್ಮ ಬನವಾಸಿಗೆ, ಹೋಗಿ ಮೊದಲ ಸೂತ್ರಗಳನ್ನು ರಚಿಸಿ ಭೂತಬಲಿಗಳಿಗೆ ಕಳುಹಿಸಿದರು. ಭೂತಬಲಿಗಳು ಉಳಿದುದನ್ನು ಪೂರ್ಣಗೊಳಿಸಿದರು. ಗ್ರಂಥ ಮುಗಿದು ಪೂಜೆಗೊಂಡ ಜ್ಯೇಷ್ಠ ಶುದ್ಧ ಪಂಚಮಿಯನ್ನು ಜೈನರು ಇಂದಿಗೂ ಶ್ರುತಪಂಚಮಿಯೆಂದು ಆಚರಿಸುತ್ತಾರೆ. ಆ ದಿನ ಪೂಜೆ ಸಲ್ಲುವುದು ಗ್ರಂಥಕ್ಕೆ.

ಉಕ್ತಲೇಖನದಲ್ಲಿ ಒಂದು ಒತ್ತು, ಒಂದು ದೀರ್ಘ ಬಿಟ್ಟುದಕ್ಕೆ ಅಂಕ ಕಳೆದರೆ "ಇಷ್ಟಕ್ಕೇಕೆ?" ಎಂದು ವಿದ್ಯಾರ್ಥಿಗಳು ಮುಖ ಸಣ್ಣದು ಮಾಡುವುದುಂಟು. ಅವರು ಈ ಕಥೆಯನ್ನು ನೆನಪಿಡಲಿ. ಒಂದಕ್ಷರ ಬಿಟ್ಟರೆ ದೇವತೆಗೂ ಒಂದು ಕಣ್ಣು ಹೋಗುತ್ತದೆ.

ನಮ್ಮ ಸೀಮೆಯ ನಂಟು

ಷಟ್ಖಂಡಾಗಮದ ಮೊದಲ ಐದು ಖಂಡಗಳಿಗೆ ಧವಲವೆಂಬ ವಿಸ್ತಾರವಾದ ವ್ಯಾಖ್ಯಾನವನ್ನು ಬರೆದವರು ವೀರಸೇನಾಚಾರ್ಯರು. ಅದು ಮುಗಿದದ್ದು ಶಕ 738, ಎಂದರೆ ಕ್ರಿ.ಶ. 816ರಲ್ಲಿ. ಅದರ ಪ್ರಮಾಣ 72,000 ಶ್ಲೋಕಗಳಷ್ಟು. ಆ ಬಳಿಕ ಅವರು ಕಷಾಯಪಾಹುಡವೆಂಬ ಇನ್ನೊಂದು ಆಗಮಕ್ಕೆ ಜಯಧವಲವೆಂಬ ವ್ಯಾಖ್ಯಾನವನ್ನು ಆರಂಭಿಸಿ 20,000 ಶ್ಲೋಕ ಪ್ರಮಾಣ ಬರೆಯುವಷ್ಟರಲ್ಲಿ ತೀರಿಕೊಂಡರು. ಶಿಷ್ಯರಾದ ಜಿನಸೇನರು ಇನ್ನೂ 40,000 ಬರೆದು ಕ್ರಿ.ಶ. 837ರಲ್ಲಿ ಅದನ್ನು ಮುಗಿಸಿದರು. ಭೂತಬಲಿಗಳೇ ವಿಸ್ತಾರವಾಗಿ ಬರೆದ ಆರನೆಯ ಖಂಡ ಮಹಾಬಂಧವು ಮಹಾಧವಲವೆಂದು ಹೆಸರಾಯಿತು.

ಇದೆಲ್ಲ ನಡೆದದ್ದು ರಾಷ್ಟ್ರಕೂಟರ ಆಳ್ವಿಕೆಯಲ್ಲಿ. ಜಿನಸೇನರು ಅಮೋಘವರ್ಷ ನೃಪತುಂಗನಿಗೆ ಗುರುಗಳಾಗಿದ್ದರು. ರಾಷ್ಟ್ರಕೂಟರಿಗೆ 'ಲಟ್ಟಲೂರ ಪುರವರಾಧೀಶ್ವರ' ಎಂಬ ಬಿರುದಿತ್ತು. ಆ ಲಟ್ಟಲೂರು ಬೇರೆಯಲ್ಲ, ನಮ್ಮ ಲಾತೂರೇ ಎಂದು ಇತಿಹಾಸಕಾರರು ಹೇಳುತ್ತಾರೆ. ನಿಲಂಗಾ ಮತ್ತು ಉದಗೀರ ತಾಲೂಕುಗಳು ಇಂದು ಅದೇ ಜಿಲ್ಲೆಯಲ್ಲಿವೆ. 1956ಕ್ಕೆ ಮೊದಲು ಅವು ಬೀದರ ಜಿಲ್ಲೆಗೆ ಸೇರಿದ್ದುವು. ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೇಳುವುದು ಗೋದಾವರಿಯನ್ನು. ಆ ಲೆಕ್ಕದಲ್ಲಿ ನಾವು ಅಂದು ಗಡಿಯವರಲ್ಲ, ನಾಡಿನ ಒಳಗಿನವರು. ಇದನ್ನು ಹೇಳುವುದು ಯಾರೊಡನೆಯೂ ವಾದ ಹೂಡಲಿಕ್ಕಲ್ಲ. ಈ ನೆಲದಲ್ಲಿ ಕನ್ನಡವೂ ಮರಾಠಿಯೂ ಹಿಂದಿನಿಂದ ಒಂದೇ ಅಂಗಳದಲ್ಲಿ ಆಡಿಕೊಂಡು ಬೆಳೆದಿವೆ ಎಂಬುದನ್ನು ನೆನಪಿಸಲಿಕ್ಕೆ.

ಈ ಗ್ರಂಥಗಳಲ್ಲಿ ಇರುವುದು ಜೀವ ಮತ್ತು ಕರ್ಮಗಳ ಸೂಕ್ಷ್ಮ ವಿಚಾರ. ಆದರೆ ಅದನ್ನು ಹೇಳುವಾಗ ವೀರಸೇನರು ಬಹಳ ಗಣಿತವನ್ನು ಬಳಸಿದ್ದಾರೆ. ಒಂದು ಉದಾಹರಣೆ ನೋಡಿ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ 1 ಉಳಿಯುತ್ತದೆಯೋ ಅದಕ್ಕೆ 'ಅರ್ಧಚ್ಛೇದ' ಎಂದು ಹೆಸರು. 32ನ್ನು ಅರ್ಧಿಸಿದರೆ 16, ಆಮೇಲೆ 8, 4, 2, 1. ಐದು ಸಲವಾಯಿತು, ಆದುದರಿಂದ 32ರ ಅರ್ಧಚ್ಛೇದ 5. ಮುಂದೆ ಕಾಲೇಜಿನಲ್ಲಿ 2ನ್ನು ಆಧಾರವಾಗಿಟ್ಟುಕೊಂಡ ಲಾಗರಿದಮ್ ಎಂದು ನೀವು ಕಲಿಯುವುದು ಇದನ್ನೇ.

ಗರಿ, ಮಸಿ, ಬಣ್ಣ

ವೀರಸೇನರು ಬರೆದ ಪ್ರತಿ ಉಳಿದಿಲ್ಲ. ಮೂಡಬಿದಿರೆಯಲ್ಲಿರುವವು ಅದಕ್ಕೆ ಸುಮಾರು ಮುನ್ನೂರು ವರ್ಷಗಳ ತರುವಾಯ, ಹೊಯ್ಸಳರ ಕಾಲದಲ್ಲಿ ಮಾಡಿದ ಪ್ರತಿಗಳು. ಅವು ಮೊದಲು ಶ್ರವಣಬೆಳಗೊಳದಲ್ಲಿದ್ದು ಬಳಿಕ ಮೂಡಬಿದಿರೆಗೆ ಬಂದುವೆಂಬ ಪ್ರತೀತಿಯುಂಟು.

ಸಾಮಾನ್ಯವಾಗಿ ತಾಳೆಗರಿಯ ಮೇಲೆ ಬರೆಯುವುದು ಕಂಟದಿಂದ. ಚೂಪಾದ ಕಬ್ಬಿಣದ ಮೊನೆಯಿಂದ ಗರಿಯನ್ನು ಗೀರಿ, ಮೇಲೆ ಕಾಡಿಗೆ ಸವರಿ ಒರೆಸಿದರೆ ಗೀರಿನಲ್ಲಿ ಕಪ್ಪು ನಿಂತು ಅಕ್ಷರ ಕಾಣುತ್ತದೆ. ಧವಲ ಗ್ರಂಥಗಳು ಹಾಗಲ್ಲ. ಇವು ಶ್ರೀತಾಳವೆಂಬ ಮರದ ಗರಿಗಳು. ಇವು ಅಗಲವಾಗಿಯೂ ಮೆತ್ತಗೂ ಇದ್ದು ಬಾಗಿದರೂ ಬೇಗ ಮುರಿಯುವುದಿಲ್ಲ. ಇವುಗಳ ಮೇಲೆ ಅರಗಿನ ರಸದಿಂದ ಮಾಡಿದ ಮಸಿಯಲ್ಲಿ ಲೇಖನಿಯಿಂದ ಬರೆದಿದ್ದಾರೆ. ಆ ಮಸಿ ಇಂದಿಗೂ ಗರಿಯನ್ನು ಬಿಟ್ಟಿಲ್ಲ. ಅಕ್ಷರಗಳು ದುಂಡಗೆ, ದಪ್ಪಗೆ, ಒಂದೇ ಅಳತೆಯಲ್ಲಿ ನಡೆಯುತ್ತವೆ. ದಾರ ಪೋಣಿಸುವ ತೂತಿನ ಸುತ್ತ ಜಾಗ ಬಿಟ್ಟು, ಕೆಲವು ಗರಿಗಳಲ್ಲಿ ಅಲ್ಲಿಯೇ ಹೂಬಳ್ಳಿಯ ಅಲಂಕಾರ ಬಿಡಿಸಿದ್ದಾರೆ.

ಕೆಲವೇ ಗರಿಗಳಲ್ಲಿ ಚಿತ್ರಗಳಿವೆ. ಮೂರು ನಾಲ್ಕು ಬೆರಳಗಲದ ಗರಿಯಲ್ಲಿ ಎಷ್ಟು ದೊಡ್ಡ ಚಿತ್ರ ಬರೆದಾರು? ಆದರೂ ಆ ಇಕ್ಕಟ್ಟಿನಲ್ಲಿ ಹೆಡೆಯ ನೆರಳಿನ ಪಾರ್ಶ್ವನಾಥನಿದ್ದಾನೆ. ಬಳ್ಳಿ ಸುತ್ತಿಕೊಂಡ ಬಾಹುಬಲಿಯಿದ್ದಾನೆ. ಹಂಸದ ಮೇಲೆ ಕುಳಿತ ಮಹಾಮಾನಸಿ ಯಕ್ಷಿಯಿದ್ದಾಳೆ. ಮಾವಿನ ಮರ, ಮಕ್ಕಳು, ಸಿಂಹಗಳೊಡನೆ ಅಂಬಿಕೆಯಿದ್ದಾಳೆ. ಕೈಮುಗಿದು ಕುಳಿತ ಶ್ರಾವಕ ಶ್ರಾವಕಿಯರಿದ್ದಾರೆ. ಕೆಂಪು, ಹಳದಿ, ನೀಲಿ, ಹಸುರು ಬಣ್ಣಗಳು. ಸುತ್ತ ಕಪ್ಪು ಗೆರೆ. ಬೇಲೂರು ಹಳೆಬೀಡುಗಳ ಶಿಲ್ಪವನ್ನು ನಾವು ಬಲ್ಲೆವು. ಹೊಯ್ಸಳ ಕಾಲದ ಚಿತ್ರಕಲೆ ಹೇಗಿತ್ತೆಂದು ತೋರಿಸಲು ನಮಗೆ ಉಳಿದಿರುವುದು ಮುಖ್ಯವಾಗಿ ಈ ಗರಿಗಳೇ.

ಕಡಲಾಚೆಯ ಒಂದು ಹೊತ್ತಿಗೆ

ಅದೇ ಕಾಲಕ್ಕೆ ಇಂಥ ಕೆಲಸ ಜಗತ್ತಿನ ಬೇರೆ ಕಡೆಗೂ ನಡೆದಿತ್ತು. ಇಂದಿನ ಇಸ್ತಾಂಬುಲ್ ನಗರಕ್ಕೆ ಆಗ ಕಾನ್‌ಸ್ಟಾಂಟಿನೋಪಲ್ ಎಂದು ಹೆಸರು. ಅದು ಗ್ರೀಕ್ ಮಾತಾಡುವ ಕ್ರೈಸ್ತರ ರಾಜಧಾನಿ. ಅಲ್ಲಿಯ ಸ್ಟೂಡಿಯೋಸ್ ಎಂಬ ಮಠದಲ್ಲಿ 1066ರಲ್ಲಿ ಥಿಯೋಡೋರ್ ಎಂಬ ಲಿಪಿಕಾರನು ತನ್ನ ಗುರುವಿಗಾಗಿ ದಾವೀದನ ಕೀರ್ತನೆಗಳ ಗ್ರಂಥವೊಂದನ್ನು ಬರೆದು ಮುಗಿಸಿದನು. ಅದು ಗರಿಯಲ್ಲ, ಹದ ಮಾಡಿದ ಚರ್ಮದ ಹಾಳೆ. ಅದರಲ್ಲಿ 208 ಹಾಳೆಗಳೂ, ಅಂಚಿನ ಬಿಳಿ ಜಾಗದಲ್ಲಿ ಬರೆದ 435 ಚಿತ್ರಗಳೂ ಇವೆ. ಯಾವ ಮಾತಿಗೆ ಯಾವ ಚಿತ್ರವೆಂದು ತಿಳಿಯಲು ಸಣ್ಣ ಬಣ್ಣದ ಗೆರೆ ಎಳೆದು ಎರಡನ್ನೂ ಜೋಡಿಸಿದ್ದಾರೆ. ಆ ಹೊತ್ತಿಗೆ ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ.

ಆ ಮಠಕ್ಕೆ ಇನ್ನೂರೈವತ್ತು ವರ್ಷ ಹಿಂದೆ ಅದೇ ಥಿಯೋಡೋರ್ ಎಂಬ ಹೆಸರಿನ ಗುರುವೊಬ್ಬರಿದ್ದರು. ಅವರು ತೀರಿಕೊಂಡದ್ದು 826ರಲ್ಲಿ. ಎಂದರೆ ನಮ್ಮ ವೀರಸೇನರ ಕಾಲದವರು. ಮೂಲದಲ್ಲಿದ್ದ ವಿರಾಮ, ಸ್ವರಚಿಹ್ನೆಗಳನ್ನು ಗಮನಿಸದೆ ಬರೆದ ಲಿಪಿಕಾರನಿಗೆ ಅವರ ಮಠದ ನಿಯಮದಲ್ಲಿ ದಂಡನೆಯಿತ್ತು. ದೇಶ ಬೇರೆ, ಧರ್ಮ ಬೇರೆ, ಲಿಪಿ ಬೇರೆ. ಅಕ್ಷರ ತಪ್ಪಬಾರದೆಂಬ ಭಯಭಕ್ತಿ ಎರಡೂ ಕಡೆಗೆ ಒಂದೇ.

ಬರೆಸಿದ ತಾಯಂದಿರು

ಇನ್ನು ನಮ್ಮ ಗರಿಗಳ ಕಡೆಗೆ ಬರೋಣ. ಎಪ್ಪತ್ತೆರಡು ಸಾವಿರ ಶ್ಲೋಕಗಳಷ್ಟು ಗ್ರಂಥವನ್ನು ಬರೆಸುವುದು ಅಗ್ಗದ ಕೆಲಸವಲ್ಲ. ಗರಿ ತರಿಸಬೇಕು, ಹದ ಮಾಡಿಸಬೇಕು, ಲಿಪಿಕಾರನಿಗೆ ವರ್ಷಗಟ್ಟಲೆ ಅನ್ನ ಬಟ್ಟೆ ಕೊಡಬೇಕು. ಇದನ್ನು ಮಾಡಿದವರು ಯಾರು?

ಧವಲ ಪ್ರತಿಯ ಕೊನೆಯ ಪ್ರಶಸ್ತಿಯಲ್ಲಿ ಉತ್ತರವಿದೆ. ದೇಮಿಯಕ್ಕನೆಂಬ ಶ್ರಾವಕಿ ಶ್ರುತಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಗೆ ಈ ಗ್ರಂಥವನ್ನು ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ದಾನ ಮಾಡಿದಳು. ಶಾಸನಗಳೊಡನೆ ಹೋಲಿಸಿ, ಇದು ಕ್ರಿ.ಶ. 1113 ಮತ್ತು 1120ರ ನಡುವೆ ನಡೆದಿರಬೇಕೆಂದು ವಿದ್ವಾಂಸರು ಗೊತ್ತುಮಾಡಿದ್ದಾರೆ. ಮಹಾಬಂಧದ ಪ್ರತಿಯನ್ನು ಹಾಗೆಯೇ ಪಂಚಮಿಯ ನೋಂಪಿಗಾಗಿ ಬರೆಸಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ. ನೋಂಪಿಯ ಕೊನೆಗೆ ಬಂಗಾರ ಕೊಡಬಹುದಿತ್ತು, ಭೂಮಿ ಕೊಡಬಹುದಿತ್ತು. ಈ ತಾಯಂದಿರು ಪುಸ್ತಕ ಕೊಟ್ಟರು. ಅವರು ಅಂದು ಬರೆಸದಿದ್ದರೆ ಇಂದು ನಮಗೆ ಈ ಗ್ರಂಥಗಳ ಹೆಸರು ಮಾತ್ರ ತಿಳಿದಿರುತ್ತಿತ್ತು. ಮಹಾಬಂಧಕ್ಕಂತೂ ಇದೊಂದೇ ಪ್ರತಿ. ಅದರಲ್ಲಿ ನಶಿಸಿದ ಗರಿಗಳಲ್ಲಿದ್ದ ಮಾತನ್ನು ತುಂಬಿಕೊಳ್ಳಲು ಜಗತ್ತಿನಲ್ಲಿ ಬೇರೆ ಪ್ರತಿಯಿಲ್ಲ.

ಬೀಗದೊಳಗಿನಿಂದ ಅಚ್ಚಿಗೆ

ಬಹುಕಾಲ ಈ ಗ್ರಂಥಗಳು ದರ್ಶನಕ್ಕೆ ದೊರೆಯುತ್ತಿದ್ದುವೇ ಹೊರತು ಓದಲಿಕ್ಕಲ್ಲ. ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು. ಹಳಗನ್ನಡ ಅಕ್ಷರವನ್ನು ಬಿಡಿಸಬಲ್ಲವರೂ ಕಡಿಮೆಯಾಗಿದ್ದರು. ಹೀಗಾದರೆ ಗರಿಗಳು ಒಂದು ದಿನ ಪುಡಿಯಾಗಿ ಹೋಗುತ್ತವೆಂದು ಕಳವಳಪಟ್ಟವರಲ್ಲಿ ನಮ್ಮ ನೆರೆಯ ಸೊಲ್ಲಾಪುರದ ಶೇಠ ಹಿರಾಚಂದ ನೇಮಚಂದರು ಒಬ್ಬರು. ಅವರಂಥವರ ಪ್ರಯತ್ನದಿಂದ 1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ, ಮಿರಜಿನ ಗಜಪತಿ ಉಪಾಧ್ಯಾಯ ಇವರು ಬರೆಯಲು ಕುಳಿತರು. ಆ ಪ್ರತಿಗಳೂ ಮೂಡಬಿದಿರೆಯಲ್ಲಿಯೇ ಇರಬೇಕು, ಹೊರಗೆ ಹೋಗಬಾರದೆಂದು ಕರಾರಿತ್ತು.

ಗಜಪತಿ ಉಪಾಧ್ಯಾಯರು ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನೂ ಮಾಡಿಕೊಂಡರು. ಅದರಲ್ಲಿ ಮುಖ್ಯವಾಗಿ ಕೈಗೂಡಿಸಿದವರು ಅವರ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರು. ಆ ಪ್ರತಿ ಉತ್ತರದ ಸಹಾರನಪುರಕ್ಕೆ ಹೋಯಿತು. ಅಲ್ಲಿ ಕನ್ನಡ ಬಲ್ಲ ಪಂಡಿತ ವಿಜಯಚಂದ್ರಯ್ಯನವರು ಓದುತ್ತ ಹೋದರು, ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆಯುತ್ತ ಹೋದರು. ನಾಗರಿಯಿಂದ ಇನ್ನೂ ಕೆಲವು ಪ್ರತಿಗಳಾದುವು. ಅವುಗಳನ್ನು ಆಧರಿಸಿ ಅಮರಾವತಿಯ ಪ್ರಾಧ್ಯಾಪಕ ಹೀರಾಲಾಲ ಜೈನರು ಹಿಂದಿ ಅನುವಾದದೊಡನೆ ಧವಲದ ಮೊದಲ ಸಂಪುಟವನ್ನು 1939ರಲ್ಲಿ ಪ್ರಕಟಿಸಿದರು. ಮುಂದಿನ ಸುಮಾರು ಇಪ್ಪತ್ತು ವರ್ಷಗಳಲ್ಲಿ 16 ಸಂಪುಟಗಳು ಪೂರ್ಣವಾದುವು. ನಮ್ಮ ಧಾರಾಶಿವದ ಗವಿಗಳ ವರ್ಣನೆಯಿರುವ 'ಕರಕಂಡಚರಿಉ' ಎಂಬ ಅಪಭ್ರಂಶ ಕಾವ್ಯವನ್ನು 1934ರಲ್ಲಿ ಸಂಪಾದಿಸಿದವರೂ ಇವರೇ.

ಗುಟ್ಟಾಗಿ ಪ್ರತಿ ಮಾಡಿದ್ದು ಸರಿಯೇ ಎಂದು ಕೇಳಬಹುದು. ಹೊರಗೆ ಬಿಡಲೊಲ್ಲದವರು ಸಂಕುಚಿತರೇ ಎಂದೂ ಕೇಳಬಹುದು. ಮುಂದೆ ನಡೆದ ಒಂದು ಸಂಗತಿಯನ್ನು ತಿಳಿದು ಉತ್ತರ ಹುಡುಕಿರಿ.

ಮೊದಲ ಸಂಪುಟದಲ್ಲಿ 93ನೆಯ ಸೂತ್ರವೊಂದಿದೆ. ಅದು ಸ್ತ್ರೀಯರ ಆತ್ಮೋನ್ನತಿಯ ಮೆಟ್ಟಿಲುಗಳನ್ನು ಹೇಳುತ್ತದೆ. ಕೈಗೆ ಸಿಕ್ಕ ಪ್ರತಿಗಳಲ್ಲಿ ಆ ಸೂತ್ರದ ಅರ್ಥ ಮುಂದಿನ ವ್ಯಾಖ್ಯಾನಕ್ಕೆ ಹೊಂದುತ್ತಿರಲಿಲ್ಲ. ಇಲ್ಲಿ 'ಸಂಜದ', ಎಂದರೆ ಸಂಯತ, ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಸೂಚಿಸಿದರು. ಇದರ ಮೇಲೆ ಪಂಡಿತರಲ್ಲಿ ದೊಡ್ಡ ಚರ್ಚೆಯಾಯಿತು. ಅಷ್ಟರಲ್ಲಿ ಮೂಡಬಿದಿರೆಯವರು ಮೂಲ ಗರಿಗಳೊಡನೆ ಹೋಲಿಸಿ ನೋಡಲು ಸಮ್ಮತಿಸಿದ್ದರು. ನೋಡಿದರೆ, ತಾಳೆಗರಿಯಲ್ಲಿ ಆ ಪದ ಇತ್ತು! ಅರ್ಥದ ಬಗ್ಗೆ ಚರ್ಚೆ ಮುಂದೆಯೂ ನಡೆಯಿತು. ಪಾಠ ಮಾತ್ರ ಗಟ್ಟಿಯಾಯಿತು. ಪ್ರತಿ ಮಾಡಿ ಹೊರಗೆ ತರದಿದ್ದರೆ ಆ ಸೂತ್ರವನ್ನು ಯಾರೂ ಓದುತ್ತಲೇ ಇರಲಿಲ್ಲ. ಮೂಲವನ್ನು ಜೋಪಾನವಾಗಿ ಇಡದಿದ್ದರೆ ಬಿಟ್ಟುಹೋದ ಪದ ಸಿಗುತ್ತಲೇ ಇರಲಿಲ್ಲ. ಕಾಯುವವರೂ ಬೇಕು, ಹಂಚುವವರೂ ಬೇಕು. ಇಬ್ಬರಲ್ಲಿ ಒಬ್ಬರು ಇಲ್ಲವಾದರೂ ಗ್ರಂಥಕ್ಕೆ ಒಂದು ಕಣ್ಣು ಹೋಗುತ್ತದೆ.

ಈಗ ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಯಿಂದ ಧವಲದ ಕನ್ನಡ ಅನುವಾದದ ಸಂಪುಟಗಳೂ ಹೊರಬಂದಿವೆ. ಕನ್ನಡ ಲಿಪಿ ಕಾಪಾಡಿದ ಗ್ರಂಥ ಕನ್ನಡ ಭಾಷೆಗೂ ಬಂದಿದೆ.

ನಮ್ಮ ಮನೆಯ ಗಂಟುಗಳು

ಉಳಿದ ಗ್ರಂಥಗಳಿಗಿಂತ ಅಳಿದುವೇ ಹೆಚ್ಚು. ಉದಗೀರಿಗೆ ಹತ್ತಿರದ ಬೀದರದಲ್ಲಿ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸೆಯಲ್ಲಿ 3000 ಹಸ್ತಪ್ರತಿಗಳಿದ್ದುವೆಂದು ಹೇಳುತ್ತಾರೆ. ಆ ಭಂಡಾರ ಇಂದು ಅಲ್ಲಿಲ್ಲ. ಔರಂಗಜೇಬನ ಕಾಲದಲ್ಲಿ ಮದ್ದಿನ ಸ್ಫೋಟಕ್ಕೆ ಒಂದು ಮಗ್ಗುಲು ಒಡೆದ ಕಟ್ಟಡ ಮಾತ್ರ ನಿಂತಿದೆ.

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ, ಮಠಗಳಲ್ಲಿ, ದೇವರ ಕೋಣೆಯ ಮಾಡದಲ್ಲಿ ಕೆಂಪು ಅರಿವೆಯಲ್ಲಿ ಸುತ್ತಿಟ್ಟ ಗಂಟುಗಳು ಈಗಲೂ ಇರಬಹುದು. ಕನ್ನಡದ ಓಲೆಗರಿ, ಮೋಡಿ ಅಕ್ಷರದ ಕಾಗದ, ಮರಾಠಿ ಪೋಥಿ, ಉರ್ದು ದಫ್ತರ, ಯಾವುದೂ ಆಗಿರಬಹುದು. ಓದಲು ಬರುವುದಿಲ್ಲವೆಂದು ಅವನ್ನು ಹೊಳೆಗೆ ಬಿಡುವುದೂ, ರದ್ದಿಗೆ ಹಾಕುವುದೂ ಉಂಟು. ತಂದೆತಾಯಂದಿರಲ್ಲಿ ನಮ್ಮ ವಿನಂತಿಯಿಷ್ಟು: ದಯಮಾಡಿ ಹಾಗೆ ಮಾಡಬೇಡಿರಿ. ಗಂಟನ್ನು ತಂಪಿಲ್ಲದ ಜಾಗದಲ್ಲಿ, ನೆಲಕ್ಕೆ ತಾಗದಂತೆ ಇಡಿರಿ. ಅಂಟಿಕೊಂಡ ಗರಿಗಳನ್ನು ಬಲವಂತದಿಂದ ಬಿಡಿಸಬೇಡಿರಿ, ನೀರು ತಾಗಿಸಬೇಡಿರಿ. ಶಾಲೆಗೆ ತಿಳಿಸಿರಿ. ಗಂಟು ನಿಮ್ಮದೇ, ನಿಮ್ಮ ಮನೆಯಲ್ಲಿಯೇ ಇರಲಿ. ಪ್ರತಿಯೊಂದು ಗರಿಯ ಫೋಟೋ ತೆಗೆದುಕೊಂಡರೆ ಓದಬಲ್ಲವರಿಗೆ ತೋರಿಸಬಹುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ಒಂದು ವಿಭಾಗವಿದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇವೆ. ಈ ರಜೆಯಲ್ಲಿ ಅಜ್ಜಿಯ ಬಾಯಲ್ಲಿರುವ ಒಂದು ಹಾಡನ್ನೋ, ಅಜ್ಜನ ಹಳೆಯ ವಹಿಯ ಒಂದು ಪುಟವನ್ನೋ ದುಂಡಗಿನ ಅಕ್ಷರದಲ್ಲಿ, ಒಂದೊತ್ತೂ ಬಿಡದಂತೆ ಬರೆದುಕೊಂಡು ಬನ್ನಿರಿ. ಕೆಳಗೆ ಯಾರು ಹೇಳಿದರು, ಯಾರು ಬರೆದರು, ಯಾವ ಊರು, ಯಾವ ದಿನ ಎಂಬುದನ್ನು ಕಾಣಿಸಿರಿ. ದೇಮಿಯಕ್ಕನ ಹೆಸರು ನಮಗೆ ತಿಳಿದದ್ದು ಗರಿಯ ಕೊನೆಯಲ್ಲಿ ಯಾರೋ ಅದನ್ನು ಬರೆದಿಟ್ಟುದರಿಂದ.